ದೇಸಿಂಗು ಅಳೆದ ಮಳೆ

ಆರಣಿಯ ಅಕ್ಕಿ ಗಿರಣಿಗಳ ಸಾಲು ಮುಗಿಯುವಲ್ಲಿ ಲಾರಿ ತೂಗುವ ಕಾಟಾ ಇದೆ. ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿ ತೂಕದ ಚೀಟಿ ಬರೆಯುವವನು ದೇಸಿಂಗು. ಭತ್ತದ ಲಾರಿ ಬಂದು ನಿಂತರೆ ಮೊದಲು ಕ್ಯಾಬಿನ್ನಿಗೆ ಇಣುಕುತ್ತಾನೆ. ಡ್ರೈವರ್ ಇಳಿಯಬೇಕು, ಕ್ಲೀನರ್ ಇಳಿಯಬೇಕು, ಅವರ ನೀರಿನ ಕ್ಯಾನೂ ಇಳಿಯಬೇಕು. ಆಮೇಲೆ ತೂಕ. ಇಂಥವನು ಹೇಳಿದ ಒಂದು ಅಂಕಿಯನ್ನು ನಾನು ನಂಬಲಿಲ್ಲ. ಅದನ್ನು ಹೇಳಲು ಕೂತರೆ ಈಗಲೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಲು ಬಂದವನು, ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಎಲ್ಲರಿಗೂ ನಾನು ವಾದ್ಯಾರು. ಊರಲ್ಲೂ ಸುತ್ತಮುತ್ತಲೂ ಮಳೆಯ ಹುಚ್ಚಿರುವ ಇಪ್ಪತ್ತು ಇಪ್ಪತ್ತೆರಡು ಜನ ಸೇರಿ ಒಂದು ಕೂಟ ಮಾಡಿಕೊಂಡಿದ್ದೇವೆ. ಸರ್ಕಾರಕ್ಕೂ ನಮಗೂ ಸಂಬಂಧವಿಲ್ಲ. ಪ್ರತಿಯೊಬ್ಬರ ತಾರಸಿಯಲ್ಲೂ ಒಂದು ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಅಳೆದು ಎಷ್ಟು ಮಿಲಿಮೀಟರ್ ಎಂದು ನನಗೆ ತಿಳಿಸುತ್ತಾರೆ, ನಾನು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನೋಟ್‌ಬುಕ್ಕಿಗೆ ಹೋದದ್ದು ಮಾತ್ರ ಮಳೆ, ಉಳಿದದ್ದು ಬರೀ ಮಾತು ಎಂದು ನಮ್ಮೊಳಗೊಂದು ಕಟ್ಟಳೆ. ಆ ಕಟ್ಟಳೆ ಮಾಡಿದವನೂ ನಾನೇ.

ಹನ್ನೊಂದು ವರ್ಷದ ಹಿಂದಿನ ಮೇ ತಿಂಗಳು. ಇಲ್ಲಿನವರು ಕತ್ತಿರಿ ಎನ್ನುವ ನಡುಬೇಸಿಗೆಯ ಬಿಸಿಲು ಊರನ್ನು ಹುರಿದು ಹಾಕುತ್ತಿತ್ತು. ಒಂದು ಬೆಳಿಗ್ಗೆ ದೇಸಿಂಗು ಫೋನ್ ಮಾಡಿದ. ಅವನ ಮನೆ ಸೇವೂರಿನಲ್ಲಿ, ನನ್ನದು ಕೊಸಪಾಳ್ಯದಲ್ಲಿ. ನಡುವೆ ಹೆಚ್ಚೆಂದರೆ ನಾಲ್ಕು ಕಿಲೋಮೀಟರ್.

"ವಾದ್ಯಾರೇ, ಅರವತ್ತೆಂಟು ಪಾಯಿಂಟ್ ನಾಲ್ಕು!" ಎಂದು ಕೂಗಿದ. "ನಿನ್ನೆ ಸಂಜೆ ಐವತ್ತು ನಿಮಿಷ ಹೊಡೀತು. ಗುಡುಗಿಗೆ ಅಡುಗೆಮನೆ ಪಾತ್ರೆ ಎಲ್ಲಾ ಕುಣಿದ್ವು. ಬೀದಿ ತುಂಬಾ ಇನ್ನೂ ನೀರು ನಿಂತಿದೆ. ಈಗ್ಲೇ ಬಂದು ನೋಡಿ."

ನನ್ನ ತಾರಸಿಯಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮನೆಗೆ ನೆಂಟರು ಬಂದಿದ್ದರು, ನಾನು ಸೇವೂರಿಗೆ ಹೋದದ್ದು ಎರಡು ದಿನ ಬಿಟ್ಟು. ಆ ಹೊತ್ತಿಗೆ ಬೀದಿ ಹಪ್ಪಳದ ಹಾಗೆ ಒಣಗಿತ್ತು. ಆ ಭಾನುವಾರ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ ಕೂಟದವರೆಲ್ಲ ಸೇರಿದಾಗ ನಾನು ನೋಟ್‌ಬುಕ್ ಬಿಚ್ಚಿ ನಕ್ಕೆ.

"ಇಲ್ಲಿ ಸೊನ್ನೆ, ನಾಲ್ಕು ಕಿಲೋಮೀಟರ್ ಆಚೆ ಅರವತ್ತೆಂಟಾ? ಯಾರೋ ತಮಾಷೆಗೆ ಒಂದು ಚೊಂಬು ನೀರು ಸುರಿದಿರ್ಬೇಕು ಕಣಪ್ಪ."

ಚೆಯ್ಯಾರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಪುಗಳೇಂದಿಗೆ ಅಷ್ಟೇ ಸಾಕಾಯಿತು. "ಅಣ್ಣಾ, ಮಳೇನೂ ಲಾರಿ ಕಾಟಾ ಮೇಲೆ ನಿಲ್ಸಿ ತೂಗಿದ್ರಾ?"

ಎಲ್ಲರೂ ನಕ್ಕರು. ದೇಸಿಂಗು ಒಬ್ಬನೇ ನಗಲಿಲ್ಲ. "ನಾನೇ ಅಳ್ದಿದ್ದು ವಾದ್ಯಾರೇ. ಎರಡು ಸಲ ಅಳ್ದೆ. ಬರ್ಕೊಳ್ಳಿ" ಎಂದ.

"ಆಧಾರ ಏನಿದೆ?" ಎಂದು ಕೇಳಿದೆ.

ಆಧಾರ ಏನಿರುತ್ತದೆ? ನೀರು ಅಳೆದ ಮೇಲೆ ಚೆಲ್ಲಿದ್ದ. ಮಳೆ ಬಂತೇ ಎಂದು ಅವನ ಬೀದಿಯವರನ್ನು ಕೇಳಬಹುದಿತ್ತು, ನಾನು ಕೇಳಲಿಲ್ಲ. ಆ ದಿನದ ಅಂಕಣದಲ್ಲಿ ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದುಬಿಟ್ಟೆ. ಅಂದಿನಿಂದ ಅವನು ಚೊಂಬು ದೇಸಿಂಗು. ಬೇಸಿಗೆಯ ಗುಡುಗು ಮಳೆ ಒಂದು ಕೇರಿಯನ್ನು ತೋಯಿಸಿ ಪಕ್ಕದ ಕೇರಿಯನ್ನು ಮುಟ್ಟದೆ ಹೋಗುತ್ತದೆ ಎಂದು ಭೂಗೋಳದ ವಾದ್ಯಾರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಅದನ್ನೇ ಪಾಠ ಮಾಡುತ್ತಿದ್ದೆ. ಆದರೆ ಲಾರಿ ತೂಗುವವನ ಮಾತಿಗಿಂತ ನನ್ನ ಒಣ ತಾರಸಿಯೇ ನನಗೆ ದೊಡ್ಡದಾಯಿತು.

ದೇಸಿಂಗು ಜಗಳವಾಡಲಿಲ್ಲ. ವೇಲೂರಿನಲ್ಲಿ ಮದುವೆ ಫೋಟೋ ತೆಗೆಯುವವನೊಬ್ಬನಿಂದ ಹಳೆಯ ಕ್ಯಾಮೆರಾ ಕೊಂಡ. ವಾದ್ಯಾರಿಗೆ ಆಧಾರ ಬೇಕಲ್ಲ, ಮುಂದಿನ ಸಲ ಮಳೆಯ ಜೊತೆ ಫೋಟೋನೂ ಕೊಡುತ್ತೇನೆ, ಆಗ ಹಳೆಯದನ್ನೂ ಒಪ್ಪಲೇಬೇಕಾಗುತ್ತದೆ ಎಂದು ಅವನ ಲೆಕ್ಕ. ಇದನ್ನು ಅವನು ಎಷ್ಟು ಸಲ ಹೇಳಿದನೋ. ಹಬ್ಬದ ದಿನ ಸಿಕ್ಕರೂ ಅದೇ, ಸಾವಿನ ಮನೆಯಲ್ಲಿ ಸಿಕ್ಕರೂ ಅದೇ. "ಆ ಅರವತ್ತೆಂಟು ಪಾಯಿಂಟ್ ನಾಲ್ಕು ನೋಟ್‌ಬುಕ್ಕಿಗೆ ಹತ್ತಿಸ್ದೆ ನಾನು ಬಿಡಲ್ಲ ವಾದ್ಯಾರೇ." ನನಗೆ ರೇಗುತ್ತಿತ್ತು. ಸರಿ ಸರಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ.

ಮಳೆಯೂ ಅವನಿಗೆ ಸರಿಯಾಗಿ ಕೈಕೊಟ್ಟಿತು. ಮಧ್ಯಾಹ್ನ ಮೂರಕ್ಕೆ ಪಡುವಣದ ಜವ್ವಾದಿ ಬೆಟ್ಟದ ಮೇಲೆ ಮೋಡ ಹೂಕೋಸಿನ ಹಾಗೆ ಉಬ್ಬುತ್ತದೆ. ನಾಲ್ಕಕ್ಕೆ ಬುಡ ಕಪ್ಪಾಗುತ್ತದೆ, ಗುಡುಗು ಕೇಳುತ್ತದೆ, ತಣ್ಣನೆಯ ಗಾಳಿಯೂ ಬೀಸುತ್ತದೆ. ಇನ್ನೇನು ಬಂತು ಎನ್ನುವಾಗ ಇಬ್ಭಾಗವಾಗಿ ಅರ್ಧ ಪೋಳೂರಿಗೆ ಹೋಗುತ್ತದೆ, ಅರ್ಧ ಆರ್ಕಾಟಿಗೆ ಹೋಗುತ್ತದೆ. ಆರಣಿಗೆ ಧೂಳು. ವರ್ಷ ವರ್ಷವೂ ಇದೇ ಪಾಡು. ದೇಸಿಂಗು ತಾರಸಿಯ ಮೆಟ್ಟಿಲ ಮೇಲಿನ ತಗಡಿನ ಕೆಳಗೆ ಕ್ಯಾಮೆರಾ ನಿಲ್ಲಿಸಿ ಕಾಯುತ್ತಿದ್ದ. ಮೊದಲೆರಡು ವರ್ಷ ಮಿಂಚಿದ ಮೇಲೆ ಬಟನ್ ಒತ್ತಿ ಬರೀ ಕತ್ತಲೆಯ ಫೋಟೋ ತೆಗೆದ. ಆಮೇಲೆ ಕ್ಯಾಮೆರಾದ ಕಣ್ಣು ತೆರೆದಿಟ್ಟು ಕಾಯುವುದನ್ನು ಕಲಿತ. ಒಳ್ಳೊಳ್ಳೆಯ ಮಿಂಚು ಸಿಕ್ಕವು, ಆದರೆ ಎಲ್ಲ ಪೋಳೂರಿನವು, ಕಲವೈನವು. ಪುಗಳೇಂದಿ ವಾಟ್ಸಾಪಿನಲ್ಲಿ ಬರೆಯುತ್ತಿದ್ದ: "ಚೊಂಬಣ್ಣ, ಪಕ್ಕದ ಮನೆ ಮದುವೆ ಫೋಟೋ ಚೆನ್ನಾಗಿ ಬಂದಿದೆ. ನಿಮ್ಮನೇ ಮದುವೆ ಯಾವಾಗ?"

ಅವನ ಹೆಂಡತಿ ಅಂಜಲೈಯ ಬಾಯಿ ಇನ್ನೂ ಚುರುಕು. ಒಮ್ಮೆ ನನ್ನೆದುರೇ ಹೇಳಿದಳು: "ರೀ, ಸಿಡಿಲು ಬಡಿದು ಸತ್ರೆ ನಿಮ್ಮ ಫೋಟೋಗೆ ಹಾರ ಹಾಕ್ಬೇಕಾದೋಳು ನಾನು. ಆಕಾಶದ್ದು ಸಾವಿರ ತೆಗ್ದಿದೀರಿ, ನಿಮ್ದೂ ಒಂದು ತೆಗೆಸಿಡಿ."

ಈ ವರ್ಷ ತಮಿಳರ ವೈಕಾಸಿ ತಿಂಗಳಲ್ಲಿ, ಮೇ ಕೊನೆಯ ಒಂದು ಗುರುವಾರ ಮೋಡ ಇಬ್ಭಾಗವಾಗಲಿಲ್ಲ. ನೆಟ್ಟಗೆ ಆರಣಿಗೇ ಬಂತು. ಐದೂವರೆಗೇ ಊರು ಕಪ್ಪಾಯಿತು, ಗಾಳಿ ತೆಂಗಿನ ಗರಿಗಳನ್ನು ಕಿತ್ತು ಎಸೆಯಿತು, ಮಳೆ ಒಂದು ಗಂಟೆ ಬಿಡದೆ ಹೊಯ್ಯಿತು. ನನ್ನ ಮಾಪಕದಲ್ಲಿ ಮೂವತ್ತೊಂಬತ್ತು. ಮರುದಿನ ಬೆಳಿಗ್ಗೆ ದೇಸಿಂಗುವಿನ ಫೋನು: "ನೂರಾ ಇಪ್ಪತ್ತೊಂದು ಪಾಯಿಂಟ್ ಆರು." ಹಿಂದೆಯೇ ಫೋಟೋ ಬಂತು. ಗಿರಣಿಗಳ ಚಿಮಣಿ ಸಾಲಿನ ಮೇಲೆ ನಾಲ್ಕು ಕವಲಾಗಿ ಇಳಿದ ಸಿಡಿಲು, ಅದರ ಬೆಳಕಿನಲ್ಲಿ ಬೆಳ್ಳಗೆ ನಿಂತ ಮಳೆ. ನನ್ನ ಜನ್ಮದಲ್ಲಿ ಅಂಥ ಫೋಟೋ ನೋಡಿರಲಿಲ್ಲ.

ಈ ಸಲ ಯಾರೂ ಚಕಾರವೆತ್ತಲಿಲ್ಲ. ನನ್ನದಕ್ಕಿಂತ ಮೂರು ಪಟ್ಟು ಹೆಚ್ಚು, ಆದರೂ ನಾನು ಆಧಾರ ಕೇಳಲಿಲ್ಲ. ಫೋಟೋ ಕಣ್ಣು ಕಟ್ಟಿತ್ತು. ನಮ್ಮ ಪಟ್ಟಿಯಲ್ಲೇ ಬೇಸಿಗೆಯ ಅತಿ ದೊಡ್ಡ ಮಳೆ ಎಂದು ನೀಲಿ ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಹಾಕಿದೆ. ವೇಲೂರಿನ ಒಂದು ಪತ್ರಿಕೆಯಲ್ಲಿ ಫೋಟೋ, ಅಂಕಿ ಎರಡೂ ಬಂದವು. ಪುಗಳೇಂದಿ ಬಸ್ ಹತ್ತಿ ಬಂದು ದೇಸಿಂಗುವಿಗೆ ಶಾಲು ಹೊದಿಸಿದ. "ಅಣ್ಣಾ, ಇನ್ಮೇಲೆ ಚೊಂಬು ಅಂದ್ರೆ ನನ್ನ ನಾಲಿಗೆ ಕತ್ತರಿಸಿ."

ದೇಸಿಂಗು ಶಾಲು ಮಡಿಸುತ್ತ ನನ್ನನ್ನೇ ನೋಡಿದ. "ವಾದ್ಯಾರೇ, ಈಗ ಹಳೇದನ್ನೂ ಹಾಕ್ತೀರಾ?"

"ಅದು ಬೇರೆ, ಇದು ಬೇರೆ" ಎಂದೆ. ಯಾಕೆ ಹಾಗೆಂದೆನೋ. ಹಳೆಯದನ್ನು ಒಪ್ಪಿದರೆ ಅಂದು ನಕ್ಕ ನಗುವನ್ನೂ ವಾಪಸು ತೆಗೆದುಕೊಳ್ಳಬೇಕಾಗುತ್ತದಲ್ಲ, ಅದಕ್ಕೇ ಇರಬೇಕು.

ಹತ್ತು ಹನ್ನೆರಡು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ದೇಸಿಂಗು ಮನೆಗೆ ಬಂದ. ಪುಗಳೇಂದಿ ಆ ಫೋಟೋವನ್ನು ಬಾಗಿಲಷ್ಟು ದೊಡ್ಡದಾಗಿ ಹಾಕಿಸಿ ತನ್ನ ಅಂಗಡಿಯಲ್ಲಿ ತೂಗುಹಾಕಿದ್ದ, ಒಂದು ಪ್ರತಿ ಅವನಿಗೂ ಕಳಿಸಿದ್ದ. ದೇಸಿಂಗು ಅದನ್ನು ನನ್ನ ಮೇಜಿನ ಮೇಲೆ ಹರವಿ ಕಾಫಿ ಲೋಟಗಳನ್ನೇ ಮೂಲೆಗಳಿಗೆ ಹೇರಿದ.

"ಬಲಗಡೆ ಕೆಳಗೆ ನೋಡಿ."

ಫೋನಿನಲ್ಲಿ ಕಾಣದ್ದು ಇಲ್ಲಿ ಕಂಡಿತು. ತಾರಸಿಯ ಕಪ್ಪು ನೀರಿನ ಟ್ಯಾಂಕು, ತುಂಬಿ ಹೆಚ್ಚಾದ ನೀರು ಹೊರಹೋಗುವ ಅದರ ಪೈಪು. ಪೈಪಿನ ಬಾಯಿಂದ ನೀರು ಧಾರೆಯಾಗಿ ಹೊರಬಿದ್ದು, ಗಾಳಿಗೆ ಬಾಗಿ, ಎರಡು ಮಾರು ದೂರದ ಮಳೆಮಾಪಕದ ತನಕ ಹೋಗಿತ್ತು.

"ಮಳೆ ನೀರೇ ಇರ್ಬೋದು ಬಿಡು" ಎಂದೆ.

"ಮಳೆ ಪೈಪಿಂದ ಬರಲ್ಲ ವಾದ್ಯಾರೇ. ಅಂಜಲೈನ ಕೇಳ್ದೆ. ಮೊದಲ್ನೇ ಗುಡುಗಿಗೇ ಮೋಟಾರ್ ಹಾಕಿದ್ಲಂತೆ, ಕರೆಂಟ್ ಹೋಗೋದ್ರೊಳಗೆ ಟ್ಯಾಂಕ್ ತುಂಬ್ಲಿ ಅಂತ. ಆಮೇಲೆ ಒಣಗಿಸಿದ್ದ ಸಂಡಿಗೆ ಎತ್ಕೊಂಡು ಓಡಾಡ್ತಾ ಮರ್ತೇ ಬಿಟ್ಳು." ಅವನು ಹಣೆ ಒತ್ತಿಕೊಂಡ. "ಯಾವಾಗ್ಲೂ ನಾಲ್ಕು ಹನಿ ಬಿದ್ರೆ ಹೋಗೋ ಕರೆಂಟು, ಅವತ್ತೊಂದಿನ ಹೋಗ್ಲಿಲ್ಲ. ಹಾಳಾದ್ದು ಹೋಗ್ಲೇ ಇಲ್ಲ!"

ಇಲ್ಲಿ ಗುಡುಗಿದರೆ ಎಲ್ಲ ಮನೆಯವರೂ ಮಾಡುವುದು ಅದನ್ನೇ. ನನ್ನ ಹೆಂಡತಿಯೂ ಮಾಡುತ್ತಾಳೆ. ನಾನು ಹೊತ್ತು ಕಳೆಯಲು ಕನ್ನಡಕ ಒರೆಸಿದೆ.

"ಪೇಪರಲ್ಲಿ ಬಂದಾಗಿದೆ ದೇಸಿಂಗು. ಇಷ್ಟು ವರ್ಷಕ್ಕೆ ನಮ್ಮ ಪಟ್ಟಿಗೆ ಒಂದು ದೊಡ್ಡ ಅಂಕಿ ಸಿಕ್ಕಿದೆ. ಯಾರು ಬಂದು ಪೈಪ್ ನೋಡ್ತಾರೆ? ಇರ್ಲಿ ಬಿಡು."

"ಡ್ರೈವರ್ ಕ್ಯಾಬಿನ್ನಲ್ಲಿ ಕೂತಿರೋವಾಗ ನಾನು ಚೀಟಿ ಕೊಡಲ್ಲ. ಇದ್ರಲ್ಲಿ ಮಳೆ ಎಷ್ಟು, ಟ್ಯಾಂಕ್ ಎಷ್ಟು, ನನಗೇ ಗೊತ್ತಿಲ್ಲ. ಹೊಡೆದು ಹಾಕಿ."

ನಾನು ಪುಗಳೇಂದಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಇಟ್ಟು, ಪೈಪಿನ ವಿಷಯ ಹೇಳಿದೆ. ಅವನಾದರೂ ಇವನಿಗೆ ಬುದ್ಧಿ ಹೇಳಲಿ ಎಂದು ನನ್ನ ಆಸೆ. "ಅಯ್ಯೋ ಅಣ್ಣಾ, ಅಂಗಡೀಲಿ ಫೋಟೋ ಕೆಳಗೆ ನಂಬರ್ ಬೇರೆ ಬರ್ಸಿದೀನಿ!" ಎಂದು ಅವನು ಕೂಗಿಕೊಂಡ. "ಈಗ ಟ್ಯಾಂಕ್ ನೀರು ಅಂದ್ರೆ ನನ್ನ ಮಾತ್ರೇನೂ ಯಾರೂ ನಂಬಲ್ಲ. ಸುಮ್ನೆ ಇಟ್ಕೊಳ್ಳಿ ಅಣ್ಣಾ, ದೇವರು ಕೊಟ್ಟಿದ್ದು."

"ದೇವರಲ್ಲ, ಮೋಟಾರ್ ಕೊಟ್ಟಿದ್ದು" ಎಂದು ದೇಸಿಂಗು ಫೋನ್ ಆರಿಸಿದ. "ವಾದ್ಯಾರೇ, ಪೆನ್ ತಗೊಳ್ಳಿ."

ಬೇರೆ ದಾರಿ ಇರಲಿಲ್ಲ. ನೂರಾ ಇಪ್ಪತ್ತೊಂದು ಪಾಯಿಂಟ್ ಆರರ ಮೇಲೆ ಕೆಂಪು ಗೆರೆ ಎಳೆದೆ. ಅವನು ಕುರ್ಚಿಯಿಂದ ಏಳಲಿಲ್ಲ.

"ಈಗ ಆ ಹಳೇ ನೋಟ್‌ಬುಕ್ ತೆಗೀರಿ."

"ಯಾವ ಆಧಾರದ ಮೇಲಪ್ಪಾ?" ಮತ್ತೆ ಅದೇ ಮಾತು ನನ್ನ ಬಾಯಿಂದ ಬಂತು. ಅಭ್ಯಾಸ.

"ಸುಳ್ಳು ಅಂಕೀನ ನಾನೇ ಹೊತ್ಕೊಂಡು ಬಂದು ತೆಗೆಸ್ದೆ. ಇಟ್ಕೋ ಅಂತ ನೀವಿಬ್ರೂ ಬಡ್ಕೊಂಡ್ರೂ ತೆಗೆಸ್ದೆ. ಇದಕ್ಕಿಂತ ಇನ್ನೇನು ಆಧಾರ ಬೇಕು ನಿಮಗೆ?"

ನನ್ನ ಮುಖಕ್ಕೆ ಯಾರೋ ನೀರು ಎರಚಿದ ಹಾಗಾಯಿತು. ಎದ್ದು ಅಟ್ಟದಿಂದ ಹಳೆಯ ನೋಟ್‌ಬುಕ್ ಇಳಿಸಿದೆ, ಧೂಳು ಕೊಡವಿದೆ, ಮೇ ತಿಂಗಳ ಪುಟ ಹುಡುಕಿದೆ. ಕೆಂಪು ಅಡ್ಡಗೆರೆ ಮಾಸಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ ಬರೆದೆ: ೬೮.೪.

ದೇಸಿಂಗು ಬಗ್ಗಿ ನೋಡಿದ. ಈಗ ನಗುತ್ತಾನೆ ಎಂದುಕೊಂಡೆ. ಅವನ ಮುಖ ಕೆಂಪಾಯಿತು.

"ಅಷ್ಟೇನಾ?"

"ಹೂಂ, ಅಷ್ಟೇ."

"ಅರ್ಧ ನಿಮಿಷ ಆಗ್ಲಿಲ್ಲ." ಅವನ ದನಿ ಏರಿತು. ಇಷ್ಟು ವರ್ಷದಲ್ಲಿ ನನ್ನೆದುರು ಏರಿದ್ದು ಅದೇ ಮೊದಲು. "ಹನ್ನೊಂದು ವರ್ಷ ಸಿಡಿಲಿನ ಕೆಳಗೆ ನಿಂತೆ. ನನ್ನ ಮಗಳ ಮದುವೇಲಿ ಬೀಗರೆಲ್ಲಾ ಕೂತಿದ್ರು, ನಿಮ್ಮ ಕೂಟದವನೇ ಒಬ್ಬ ಚೊಂಬಣ್ಣ ಬಾ ಅಂತ ಕರ್ದ. ಈ ಅರ್ಧ ನಿಮಿಷದ ಕೆಲಸಾನ ಅವತ್ತೇ ಮಾಡೋಕೆ ನಿಮಗೆ ಏನಾಗಿತ್ತು ವಾದ್ಯಾರೇ? ಏನಾಗಿತ್ತು?"

ಕಾಫಿ ಮುಟ್ಟಲಿಲ್ಲ. ಫೋಟೋವನ್ನೂ ಸುತ್ತಿಕೊಳ್ಳಲಿಲ್ಲ. ತಪ್ಪಾಯಿತು ಎನ್ನಲು ನಾನು ಬಾಗಿಲಿಗೆ ಬರುವಷ್ಟರಲ್ಲಿ ಅವನ ಮೊಪೆಡ್ಡು ಸೇವೂರಿನ ದಾರಿ ಹಿಡಿದಿತ್ತು.