ಸೊನ್ನೆ ದೂರಿನ ಕಟ್ಟಡ

ನಮ್ಮ ಕಟ್ಟಡದ ಐದನೇ ಮಹಡಿಯವರ ಸೊಸೆಗೆ ಕೆಲಸ ಲಿಫ್ಟ್ ರಿಪೇರಿ ಕಂಪನಿಯಲ್ಲಿ. ನಮ್ಮ ಲಿಫ್ಟ್ ಮಾತ್ರ ಐದು ತಿಂಗಳಿಂದ ಕೆಟ್ಟು ಕೂತಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ಅವಳ ಮುಂದೆಯೇ ಆಡಿಕೊಳ್ಳುತ್ತಿದ್ದೆವು. ಆಡಿಕೊಂಡಿದ್ದಷ್ಟೇ ಬಂತು. ದೂರು ಬರೆಯುವುದನ್ನು ಎಲ್ಲರೂ ಎಂದೋ ಬಿಟ್ಟಿದ್ದೆವು, ಮೂರನೇ ಮಹಡಿಯ ನಾನೂ ಸೇರಿ.

ಜನ ಮೊಬೈಲಿನಲ್ಲಿ ತುಂಬಿದ ದೂರುಗಳೆಲ್ಲ ಕಂಪನಿಯ ಆನ್‌ಲೈನ್ ಶೀಟಿಗೆ ಬಂದು ಬೀಳುತ್ತವೆ. ಪ್ರತಿ ಸೋಮವಾರ ಅವಳು ಆ ಸಾವಿರಾರು ಸಾಲುಗಳನ್ನು ಎಳೆದುಕೊಂಡು ಪಿವಟ್ ಟೇಬಲ್ ಮಾಡಬೇಕು. ಉದ್ದಕ್ಕೆ ಕಟ್ಟಡ, ಅಡ್ಡಕ್ಕೆ ತಿಂಗಳು, ನಡುವೆ ಎಷ್ಟು ದೂರು ಅಂತ. ಸಾಹೇಬರು ಆ ಒಂದು ಪುಟ ಬಿಟ್ಟು ಬೇರೇನೂ ನೋಡುವವರಲ್ಲ. ದೂರು ಹೆಚ್ಚಿದ್ದ ಕಡೆ ಮೆಕ್ಯಾನಿಕ್ ಹೋಗುತ್ತಾನೆ. ಇಡೀ ದಿನ ಕತ್ತು ಬಗ್ಗಿಸಿ ದುಡಿದು ಬಂದವಳು ನೂರಾ ಎರಡು ಮೆಟ್ಟಿಲು ಹತ್ತಬೇಕು. ನನ್ನ ಬಾಗಿಲ ಮುಂದೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು.

ಅವಳ ಅತ್ತೆಗೆ ಮಂಡಿ ಹೋಗಿದೆ. ಪಕ್ಕದ ಬೀದಿಯಲ್ಲಿ ಅತ್ತೆಯ ತಂಗಿ ಹಾಸಿಗೆ ಹಿಡಿದಿದ್ದರು.

"ಒಂದ್ಸಲ ಮುಖ ನೋಡ್ಕೊಂಡು ಬಂದ್ಬಿಡ್ತೀನಿ ಕಣೇ. ನಿಮ್ಮ ಸಾಹೇಬ್ರಿಗೆ ಹೇಳೇ" ಎಂದು ಅತ್ತೆ ದಿನಾ ಗೋಗರೆಯುತ್ತಿದ್ದರು.

ಹೇಳಿದಳು. ಸಾಹೇಬರು ಟೇಬಲಿನಲ್ಲಿ ನಮ್ಮ ಕಟ್ಟಡದ ಸಾಲು ಹುಡುಕಿದರು: ಹದಿನಾಲ್ಕು, ಒಂಬತ್ತು, ಮೂರು, ಸೊನ್ನೆ, ಸೊನ್ನೆ.

"ಎಷ್ಟು ಚೆನ್ನಾಗಿ ಇಳಿದಿದೆ ನೋಡಮ್ಮ! ರಿಪೇರಿ ಆಗಿರ್ಬೇಕು."

"ಆಗಿಲ್ಲ ಸಾರ್. ಬರೆದೂ ಬರೆದೂ ಜನಕ್ಕೆ ಸಾಕಾಗಿದೆ."

"ಹಾಗಂತ ಇದ್ರಲ್ಲಿ ಎಲ್ಲಿದೆ?"

ಆ ಸಂಜೆ ಮೆಟ್ಟಿಲ ಮೇಲೆ ಕೂತು ಅವಳೇ ಒಂದು ದೂರು ತುಂಬಿದಳು. ನನಗೂ ತುಂಬಲು ಹೇಳಿದಳು. "ನಾಳೆ ಹಾಕ್ತೀನಿ ಬಿಡು" ಎಂದೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ನಾನು ನಾಳೆ ಎಂದದ್ದಕ್ಕೆ ಕೇಡಾದದ್ದು ಬೇರೆಯವರಿಗೆ. ಸೋಮವಾರದ ಟೇಬಲಿನಲ್ಲಿ ನಮ್ಮ ಕಟ್ಟಡಕ್ಕೆ ಒಂದೇ ಒಂದು ದೂರು. "ಇದು ನಿಂದೇ ಅಲ್ವೇನಮ್ಮ" ಎಂದು ಸಾಹೇಬರು ನಕ್ಕರಂತೆ.

ಗುರುವಾರ ಅತ್ತೆಯ ತಂಗಿ ತೀರಿಕೊಂಡರು. ಆಗ ನಾವು ನಾಲ್ಕು ಜನ ಸೇರಿ ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಿದೆವು. ಹಿಂದೆ ಸೊಸೆ ಅವರ ಚಪ್ಪಲಿ ಹಿಡಿದು ಬಂದಳು. ಇಪ್ಪತ್ತು ನಿಮಿಷ ಹಿಡಿಯಿತು. ಇಷ್ಟನ್ನು ಹೋದ ವಾರವೇ ಮಾಡಬಹುದಿತ್ತು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಮಾರನೇ ದಿನ ಮನೆಮನೆಯವರೂ ದೂರು ತುಂಬಿದೆವು. ಸೋಮವಾರ ಸಾಹೇಬರು ಟೇಬಲ್ ನೋಡಿ ಗಾಬರಿಯಾದರಂತೆ.

"ಒಂದೇ ವಾರಕ್ಕೆ ಹತ್ತೊಂಬತ್ತು ಜಾಸ್ತಿ! ಏನಾಯ್ತಮ್ಮ ಅಲ್ಲಿ? ಇವತ್ತೇ ಆಳು ಕಳಿಸ್ತೀನಿ."

"ಅವಸರ ಏನಿಲ್ಲ ಸಾರ್" ಎಂದಳಂತೆ. "ನಮ್ಮತ್ತೆಗೆ ಇನ್ನು ಕೆಳಗೆ ಹೋಗೋ ಕೆಲಸ ಇಲ್ಲ."