ಕೆನ್ನೆಯೊಳಗಿನ ಹಿಮ್ಮಡಿ

ನೆಂಟರು ಬರುತ್ತಾರೆಂದರೆ ಮನೆ ಗುಡಿಸುತ್ತೇವೆ. ಡಾಕ್ಟರು ಬಾಯಿ ನೋಡುತ್ತಾರೆಂದರೆ ಬಾಯಿ ಗುಡಿಸಬೇಡವೇ? ಕೊಯಮತ್ತೂರಿಗೆ ಹೊರಟ ಬೆಳಿಗ್ಗೆ ತೆಂಗಿನ ಚಿಪ್ಪಿನ ಇದ್ದಿಲಿಗೆ ಉಪ್ಪು ಸೇರಿಸಿ ಎಡಗೆನ್ನೆಯ ಒಳಗೆ ಚೆನ್ನಾಗಿ ತಿಕ್ಕಿದೆ. ಅಲ್ಲೊಂದು ಬಿಳಿ ಕಲೆ ಎದ್ದಿತ್ತು. ಮಗ್ಗದಲ್ಲಿ ಕೂತ ಕಾಲದಿಂದ ಹೊಗೆಸೊಪ್ಪು ಒತ್ತರಿಸಿಕೊಂಡ ಜಾಗ ಅದೇ. ಕೈಕಾಲಿಗೆಲ್ಲ ಕೆಲಸವಿದ್ದಾಗ ಬಾಯೊಂದು ಯಾಕೆ ಸುಮ್ಮನಿರಬೇಕು?

ಸೊಸೆ ಮಾತ್ರ ಅದು ಕ್ಯಾನ್ಸರೇ ಎಂದು ತೀರ್ಮಾನಿಸಿ, ನಮ್ಮೂರು ಅನ್ನೂರಿನಿಂದ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಣ್ಣೊರೆಸಿಕೊಂಡಳು.

"ಹೆಂಗಸ್ರಿಗೆ ಟಿಕೆಟ್ ಇಲ್ಲದ ಬಸ್ಸಲ್ಲಿ ಇಷ್ಟೊಂದು ಅಳಬಾರ್ದು ಕಣೇ" ಎಂದೆ.

ಹಲ್ಲಾಸ್ಪತ್ರೆಯ ಡಾಕ್ಟರು ಚಿಕ್ಕ ಹುಡುಗಿ. ಕಲೆಯನ್ನು ಕೆರೆದು, ಗಾಜಿಗೆ ಬಳಿದು, ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿ, ತಮಿಳಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ ಪಾಟಿ ಎಂದು ಕರೆದು ಕೇಳಿದಳು.

"ಪಾಟಿ, ಇದೇನು ಕರೀ ಕರೀ ಚೂರು?"

"ಇದ್ದಿಲು. ತಿಕ್ಕಿ ತಂದಿದೀನಿ."

"ನಾನು ನೋಡಬೇಕಾದ್ದನ್ನೇ ತಿಕ್ಕಿಬಿಟ್ಟಿದೀರಿ."

"ಮನೇಲಿ ಒಂದು ಪಾತ್ರೆ ಹಿಂಗೆ ತಿಕ್ಕಿದ್ರೆ ಆಗ್ತಿರಲಿಲ್ವಾ ಅತ್ತೆ?" ಎಂದಳು ಸೊಸೆ. ಅಳು ನಿಂತಿತ್ತು.

ಡಾಕ್ಟರು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದಳು. ಒಳ್ಳೆಯ ಕೆನ್ನೆಯ ಒಳಮೈಯನ್ನು ಬಹಳ ದೊಡ್ಡದು ಮಾಡಿದರೆ, ಹೆಬ್ಬೆಟ್ಟಿನಲ್ಲಿರುವಂಥ ಸಣ್ಣ ಸಣ್ಣ ಗೆರೆಗಳು. ಹೊಗೆಸೊಪ್ಪಿಟ್ಟ ಕೆನ್ನೆಯಲ್ಲಿ ಗೆರೆಯೆಲ್ಲ ಹೋಗಿ ರವೆದೋಸೆಯ ಹಾಗೆ ಬರೀ ಗುಂಡಿ.

"ಮೆತ್ತಗಿರಬೇಕಾದ ಜಾಗ ಹಿಮ್ಮಡಿ ಥರ ಗಟ್ಟಿಯಾಗಿದೆ ಪಾಟಿ. ಬರೀ ಗಟ್ಟಿಯೋ, ಕೆಟ್ಟದ್ದೋ, ಒಂದು ಚೂರು ಕತ್ತರಿಸಿ ನೋಡಬೇಕು. ನೀವು ತಿಕ್ಕಿದ ಗಾಯ ಮೊದಲು ಆರಲಿ. ಹೊಗೆಸೊಪ್ಪು ಮುಟ್ಟಬೇಡಿ. ಇದ್ದಿಲೂ ಬೇಡ."

ಗಾಯ ಆರುವ ತನಕ ನಾಲಿಗೆ ಹೋಗಿ ಹೋಗಿ ಅಲ್ಲೇ ತಡವುತ್ತಿತ್ತು. ಅದಕ್ಕೆ ಗೆರೆಯೂ ತಿಳಿಯಲಿಲ್ಲ, ಗುಂಡಿಯೂ ತಿಳಿಯಲಿಲ್ಲ. ಸಾವಿಗೆ ಹೆದರುವವಳಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದವಳು, ಹೆದರಿ ಅನ್ನವನ್ನು ಬಲಗಡೆಯೇ ಅಗಿದೆ. ಸೊಸೆ ಕೇಳಿದರೆ ಹಲ್ಲುನೋವು ಎಂದೆ.

ಆಮೇಲೆ ಕತ್ತರಿಸಿ ನೋಡಿದರು. ಕೆಟ್ಟದ್ದಲ್ಲ. ಹೊಗೆಸೊಪ್ಪು ಬಿಡದಿದ್ದರೆ ಕೆಟ್ಟದ್ದಾಗಬಹುದು ಎಂದರು. ಬಿಟ್ಟೆ. ಹೊಗೆಸೊಪ್ಪಿನ ಡಬ್ಬಿಯಲ್ಲೀಗ ಸೂಜಿ ದಾರ ಇದೆ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸುತ್ತೇನೆ, ಅದಕ್ಕೆ ಯಾರಪ್ಪನ ಅಪ್ಪಣೆಯೂ ಬೇಡ.

ಮೊನ್ನೆ ಡಾಕ್ಟರು ಬೆರಳು ಹಾಕಿ ತಡವಿ, "ಪಾಟಿಯ ಬಾಯಿ ಮೆತ್ತಗಾಗ್ತಾ ಇದೆ" ಎಂದಳು.

"ಒಳಗಡೆ ಮಾತ್ರ" ಎಂದಳು ಸೊಸೆ.