ಬೆಳ್ಳಗೆ ಹೆಪ್ಪುಗಟ್ಟಿದ ಸಾರು

ನಮ್ಮ ಚಿಕ್ಕಪ್ಪನನ್ನು ಬೀದಿಯವರೆಲ್ಲ ಅಗಸೆಯಣ್ಣ ಎಂದೇ ಕರೆಯುತ್ತಿದ್ದರು. ಹಿತ್ತಲಲ್ಲಿ ಮೊಲ ಸಾಕಿ, ಮನೆಯ ಮುಂದಿನ ಕೋಣೆಯಲ್ಲಿ ಮಾಂಸ ಮಾರುತ್ತಿದ್ದ. ಆ ಹೆಸರು ಬಂದದ್ದು ಅಂಗಡಿಯ ಬೋರ್ಡಿನಿಂದ: ‘ಅಗಸೆ ತಿಂದ ಮೊಲ, ಹೃದಯಕ್ಕೆ ಹಿತ.’ ಬೋರ್ಡು ಬರೆದವಳು ನಾನು. ಅಕ್ಷರ ಎಷ್ಟು ದುಂಡಗೆ ಬಂದಿದೆ ಎಂದು ಬೀಗಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಬರೆದಾಗ ಅದು ಸುಳ್ಳಾಗಿರಲಿಲ್ಲ. ತಾಯಿಯಿಲ್ಲದ ಚಿಕ್ಕಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ನಮ್ಮಮ್ಮ. ಅವಳಿಗೆ ಹೃದಯದ ಕಾಯಿಲೆ ಬಂದು, ಡಾಕ್ಟರು ಕೊಬ್ಬಿನ ಮಾಂಸ ಬೇಡವೆಂದಾಗ ಇವನು ಕಂಡಕಂಡವರನ್ನೆಲ್ಲ ವಿಚಾರಿಸಿದ. ಮೊಲ ತಿಂದ ಎಣ್ಣೆಯ ಗುಣವೇ ಅದರ ಕೊಬ್ಬಿಗೂ ಬರುತ್ತದೆ, ಮೇವಿಗೆ ಅಗಸೆ ಬೀಜ ಬೆರೆಸಿದರೆ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಮಾಂಸದಲ್ಲಿ ಹೆಚ್ಚುತ್ತದೆ ಎಂದು ತಿಳಿದುಕೊಂಡು ಬಂದ. ಬೆರೆಸಿದ. ಗಿರಾಕಿಗಳಿಗೂ ಕೊಬ್ಬನ್ನು ಕಿತ್ತು ಎಸೆಯಬೇಡಿ, ಸಾರವೆಲ್ಲ ಅದರಲ್ಲೇ ಇದೆ ಎಂದು ಪಾಠ ಹೇಳಿದ.

ಆದರೆ ಅಗಸೆ ತಿಂದ ಮೊಲದ ಕೊಬ್ಬು ಮೆತ್ತಗೆ, ಹಳದಿ ಹಳದಿಯಾಗಿ ಬೆರಳಿಗೆ ಅಂಟುತ್ತಿತ್ತು. ಎರಡನೇ ದಿನಕ್ಕೆ ಕಮಟು ವಾಸನೆ. ಜೊತೆಗೆ ವಿಟಮಿನ್ ಇ ಪುಡಿಯನ್ನೂ ಕೊಡಬೇಕು, ಇಲ್ಲದಿದ್ದರೆ ಆ ಕೊಬ್ಬು ಬೇಗ ಕೆಡುತ್ತದೆ ಎಂಬುದು ಅವನಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಗಿರಾಕಿಗಳು ಮುಖ ಸಿಂಡರಿಸಿ ಹೋಗಿಯಾಗಿತ್ತು. ಹೆದರಿದ ಚಿಕ್ಕಪ್ಪ ಅಗಸೆ ಬಿಟ್ಟು, ತಾಳೆ ಎಣ್ಣೆಯಿಂದ ಬರುವ, ಹೃದಯಕ್ಕೆ ಒಳ್ಳೆಯದಲ್ಲದ ಗಟ್ಟಿ ತಾಳೆಕೊಬ್ಬನ್ನು ಮೇವಿಗೆ ಬೆರೆಸತೊಡಗಿದ. ಕೊಬ್ಬು ಬೆಳ್ಳಗೆ ಬಿಗಿಯಾಯಿತು, ಗಿರಾಕಿಗಳು ವಾಪಸು ಬಂದರು. ಬೋರ್ಡು ಮಾತ್ರ ಇದ್ದಲ್ಲೇ ಇತ್ತು.

ಹಿಂದಿನ ಗೋಡೆಯ ಪಕ್ಕದ ಆರು ಗೂಡುಗಳಿಗೆ ಅಗಸೆ, ಪುಡಿ ಎರಡೂ ತಪ್ಪಲಿಲ್ಲ. ಆ ಮೊಲಗಳು ಅಮ್ಮನಿಗೆ ಮೀಸಲು. ಮೇವಿನ ಡಬ್ಬ ಹೊರುತ್ತಿದ್ದವಳು ನಾನಾದ್ದರಿಂದ ನನಗೆ ಎಲ್ಲ ಗೊತ್ತಿತ್ತು. ಒಂದು ಸಲ ಕೇಳಿದ್ದಕ್ಕೆ, ಮಿಕ್ಕವರಿಗೇನು ಕಾಯಿಲೆಯೇ ಎಂದು ನಕ್ಕ. ನಾನೂ ನಕ್ಕು ಸುಮ್ಮನಾದೆ.

ಮಿಕ್ಕವರಲ್ಲಿ ಹೊಲಿಗೆ ಟೀಚರೂ ಇದ್ದರು. ಆಸ್ಪತ್ರೆಯಲ್ಲಿ ಅಮ್ಮನ ಪಕ್ಕದ ಹಾಸಿಗೆ ಅವರದು, ಕಾಯಿಲೆಯೂ ಅದೇ. ಅವರನ್ನು ನಮ್ಮ ಅಂಗಡಿಗೆ ಕಳಿಸಿದವಳು ಅಮ್ಮನೇ.

ಒಂದು ಭಾನುವಾರ ಚಿಕ್ಕಪ್ಪ ರೂಢಿಯ ಮೇಲೆ ಮಾರಾಟದ ಮೊಲಗಳಿದ್ದ ಮುಂದಿನ ಗೂಡಿಗೆ ಕೈ ಹಾಕಿ, ಆ ಮಾಂಸವನ್ನೇ ಅಮ್ಮನಿಗೆ ತಂದುಕೊಟ್ಟ. ಅಮ್ಮ ಸಾರು ಮಾಡಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟಳು. ಮಾರನೆಯ ಬೆಳಿಗ್ಗೆ ಚಿಕ್ಕಪ್ಪನನ್ನೂ ನನ್ನನ್ನೂ ಅಡುಗೆಮನೆಗೆ ಕರೆದಳು. ಪಾತ್ರೆಯ ಮೇಲೆ ಬಿಳಿಯ ಪದರ. ಚಮಚದಲ್ಲಿ ಒತ್ತಿದಳು, ಟಪ್ಪನೆ ಬಿರುಕು ಬಿಟ್ಟಿತು. ಅಷ್ಟು ದಿನ ಅಗಸೆ ಮೊಲದ ಸಾರು ಮಾಡಿದ ಕೈ ಅದು. ಅಗಸೆಯ ಕೊಬ್ಬು ಹೀಗೆ ಗಟ್ಟಿಯಾಗುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಚಿಕ್ಕಪ್ಪ ಸಮಾಧಾನ ಹೇಳಲು ಹೋದ. “ಕೈತಪ್ಪಿ ಬಂತು ಅತ್ತಿಗೆ. ನಿಮ್ಮ ಮೊಲ ಬೇರೆ ಇಟ್ಟಿದೀನಿ.”

“ನನ್ನ ಮೊಲ ಅಂದ್ರೇನೋ?” ಅಮ್ಮನ ದನಿ ಏರಲಿಲ್ಲ. “ಹಾಗಾದ್ರೆ ಟೀಚರ್ ತಿಂತಿರೋದು ಯಾವುದು?”

ಅವನು ತಲೆ ತಗ್ಗಿಸಿದ. ಅಮ್ಮ ನನ್ನ ಕಡೆ ತಿರುಗಿದಳು. ನಾನು ಪಾತ್ರೆಯ ಮುಚ್ಚಳವನ್ನೇ ನೋಡುತ್ತಾ ನಿಂತೆ. ಅವಳಿಗೆ ಅರ್ಥವಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಆರು ಗೂಡುಗಳ ಒಂದು ಮೊಲವನ್ನು ಕೊಯ್ದು ಟೀಚರಿಗೆ ಕೊಟ್ಟು, ನಡೆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ ಬನ್ನಿ ಎಂದಳು. ಅಲ್ಲಿಯವರೆಗೆ ತಾನು ಈ ಮನೆಯ ಮಾಂಸ ಮುಟ್ಟುವುದಿಲ್ಲವೆಂದಳು.

ಟೀಚರ್ ಕಿಟಕಿಯ ಪಕ್ಕ ಮೆಷಿನ್ನಿನ ಮುಂದೆ ಕೂತಿದ್ದರು. ನಮ್ಮನ್ನು ಕಂಡು ಖುಷಿಯಾಗಿ ಕುರ್ಚಿ ಎಳೆದರು. ಚಿಕ್ಕಪ್ಪ ಕೂರಲಿಲ್ಲ. ಮಾಂಸದ ಪೊಟ್ಟಣವನ್ನು ಎದೆಗವಚಿಕೊಂಡು, ನೆಲ ನೋಡುತ್ತಾ, ತಡವರಿಸುತ್ತಾ ಎಲ್ಲ ಹೇಳಿದ. ತಾಳೆಕೊಬ್ಬು, ಬೋರ್ಡು, ಆರು ಗೂಡು, ಒಂದನ್ನೂ ಬಿಡಲಿಲ್ಲ. ಬೋರ್ಡು ಬರೆದವಳು ನಾನು, ನನಗೂ ಗೊತ್ತಿತ್ತು ಎಂದು ನಾನೂ ಸೇರಿಸಿದೆ.

ಟೀಚರ್ ಕೋಪ ಮಾಡಿಕೊಳ್ಳಲಿಲ್ಲ. ಮೊದಲು ಅರ್ಥವೇ ಆಗಲಿಲ್ಲವೇನೋ. ಎದ್ದು ಒಳಗೆ ಹೋಗಿ, ಒಂದು ಗಾಜಿನ ಬಾಟಲಿ ತಂದರು. ಅರ್ಧದವರೆಗೆ ಬೆಳ್ಳನೆಯ ಗಟ್ಟಿ ಕೊಬ್ಬು ತುಂಬಿತ್ತು.

“ಸಾರ ಎಲ್ಲ ಇದರಲ್ಲೇ ಇದೆ ಅಂದಿದ್ರಲ್ಲ,” ಎಂದರು. “ಸಾರಿನ ಮೇಲಿಂದ ತೆಗೆದು ಇಟ್ಕೊಂಡಿದ್ದೆ. ಒಂದು ಚೂರೂ ಚೆಲ್ಲಿಲ್ಲ. ದಿನಾ ಬೆಳಿಗ್ಗೆ ಒಂದೊಂದು ಚಮಚ ತಿಂತಿದ್ದೆ.”

ಚಿಕ್ಕಪ್ಪನಿಗೆ ಕೈ ಚಾಚಲಾಗಲಿಲ್ಲ. ಬಾಟಲಿ ತೆಗೆದುಕೊಂಡವಳು ನಾನು. ಅದರ ಮೇಲೆ ಟೀಚರ್ ಒಂದು ಚೀಟಿ ಅಂಟಿಸಿದ್ದರು. ನಮ್ಮ ಬೋರ್ಡು ನೋಡಿಯೇ ಬರೆದುಕೊಂಡದ್ದಿರಬೇಕು: ಹೃದಯಕ್ಕೆ ಹಿತ.